ಅವ್ವನ ಕ್ಯಾಸೆಟ್ಟು

ಸಾಂಖಳಿ
2 ಜೂನ್ 2025

ಮುನಾಫನಿಗೆ,

ಸಲಾಂ. ಇಪ್ಪತ್ತೈದು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ತಮ್ಮನ ಮೇಲೆ ಪ್ರೀತಿ ಉಕ್ಕಿತು ಅಂದುಕೊಳ್ಳಬೇಡ.

ಫೆಬ್ರವರಿಯಲ್ಲಿ ಖಾತುನಬಿಯ ದಫನಿಗೆ ನೀನು ಬಂದದ್ದು, ಕಬರಸ್ತಾನದ ಗೋಡೆಗೆ ಒರಗಿ ನಿಂತದ್ದು, ನನ್ನ ಹತ್ತಿರ ಬಾರದೆ ಹೋದದ್ದು ಎಲ್ಲ ನೋಡಿದೆ. ಹೆಂಡತಿ ಸತ್ತ ದಿನ ಜಗಳ ತೆಗೆಯಬಾರದೆಂದು ಸುಮ್ಮನಿದ್ದೆ. ಆದರೆ ಹೋಗುವಾಗ ನೀನು ಸಮ್ರೀನಳ ಕೈಯಲ್ಲಿ ಒಂದು ಪೊಟ್ಟಣ ಇಟ್ಟು ಹೋಗಿದ್ದೀ. ಮಗಳು ಅದನ್ನು ಮೂರು ತಿಂಗಳು ಮುಚ್ಚಿಟ್ಟು ಹೋದ ವಾರ ಕೊಟ್ಟಳು. ಬಿಚ್ಚಿದರೆ ಅವ್ವನ ಕ್ಯಾಸೆಟ್ಟು.

ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಆಮೇಲೆ ಹಾಗಲ್ಲ, ಹೀಗೆ ಎಂದು ನೀನು ಮಾತು ತಿರುಗಿಸಬಾರದು. 1998ರ ನವೆಂಬರ್. ಅವ್ವನಿಗೆ ಗಂಟಲ ಕ್ಯಾನ್ಸರ್, ಡಾಕ್ಟರು ಕೈ ಬಿಟ್ಟಿದ್ದರು. ನೀನು ಮಸ್ಕತ್‌ನಲ್ಲಿ ಅಡುಗೆ ಕೆಲಸದಲ್ಲಿದ್ದಿ. "ಈಗ ಬಂದರೆ ವೀಸಾ ಹೋಗುತ್ತದೆ, ಆದರೂ ಅವ್ವ ಒಂದು ಮಾತು ಬಾ ಅಂದರೆ ಬಂದುಬಿಡುತ್ತೇನೆ" ಎಂದು ಕಾಗದ ಬರೆದಿದ್ದಿ. ನಾನು ಸ್ಟುಡಿಯೋದವನಿಂದ ಕ್ಯಾಮೆರಾ ಕೇಳಿ ತಂದೆ. ನೀನೇ ಕಳಿಸಿದ್ದ ವಿಸಿಆರ್‌ಗೆ ಅದರ ತಂತಿ ಸಿಕ್ಕಿಸಿ, ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ ರೆಕಾರ್ಡ್ ಮಾಡಿದೆ. ಕ್ಯಾಮೆರಾ ಹಿಡಿದು ನಿಂತವನು ನಾನು. ಆಗ ನನ್ನ ಕಿವಿ ಇಷ್ಟು ಕೆಟ್ಟಿರಲಿಲ್ಲ. ಅವ್ವ ಹೇಳಿದ್ದು, "ಮುನಾಫ, ನನಗ ಆಗೂದಿಲ್ಲಪಾ. ಬಾ. ಒಂದ ಸಲ ಮಾರಿ ತೋರ್ಸಿ ಹೋಗು." ಎರಡು ದಿನ ಬಿಟ್ಟು ಮತ್ತೊಮ್ಮೆ ಹಾಕಿ ಕೇಳಿಯೇ ಅಂಚೆಗೆ ಹಾಕಿದೆ. ನೀನು ಬರಲಿಲ್ಲ. ಜನವರಿಯಲ್ಲಿ ಅವ್ವ ಬಾಗಿಲು ನೋಡುತ್ತ ಸತ್ತಳು. ಎರಡು ಸಾವಿರದ ಇಸವಿಯಲ್ಲಿ ನೀನು ಬಂದು ನಮ್ಮ ಅಂಗಳದಲ್ಲಿ ನಿಂತು, ನೆರೆಹೊರೆಯವರ ಮುಂದೆ, "ಅವ್ವನ ಕಡಿಂದ ಬರಬ್ಯಾಡ ಅಂತ ಹೇಳಿಸಿದಾಂವ ನೀನ" ಅಂದಿ. ಅವತ್ತೇ ನಮ್ಮ ಸಂಬಂಧ ಮುಗಿಯಿತು.

ಈಗ ನನಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಗುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಇಲ್ಲಿ ಗೋವಾದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಡ್ರಿಲ್ ಮಷಿನ್ ಹಿಡಿದದ್ದಕ್ಕೆ ಸಿಕ್ಕ ಬಹುಮಾನ. ಹಾಗಾಗಿ ಸಮ್ರೀನಳಿಗೆ ಹೇಳಿ ಅಟ್ಟದ ಮೇಲಿನ ಅದೇ ಮಷಿನ್ ಇಳಿಸಿ, ಒರೆಸಿ, ಹಾಕಿಸಿದೆ. ಅವಳು ಕೇಳಿ ಚೀಟಿಯಲ್ಲಿ ಬರೆದುಕೊಟ್ಟಳು. ನಾನು ಮೇಲೆ ಬರೆದ ಮಾತೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸುಳ್ಳು ಯಾರದು ಎಂದು ತಿಳಿಯಿತಲ್ಲ. ಬಂದು ನಿನ್ನ ಕ್ಯಾಸೆಟ್ಟು ಒಯ್ಯಿ. ವಾಟ್ಸಪ್ ಮಾಡು ಎಂದು ಮಗಳು ಹೇಳಿದಳು. ಮೊಬೈಲ್ ಇರುವುದು ಅವಳ ಕೈಯಲ್ಲಿ. ನಿನಗೆ ಬರೆಯುವುದನ್ನು ಇನ್ನೊಬ್ಬರು ಓದುವುದು ನನಗೆ ಬೇಡ.

ರಾಜಮಹ್ಮದ ನದಾಫ

*

ಕಲಂಗುಟ್
11 ಜೂನ್ 2025

ಅಣ್ಣನಿಗೆ,

ಸಲಾಂ. ಬಕ್ರೀದ್ ಕಳೆದು ಎರಡು ದಿನಕ್ಕೆ ಕಾಗದ ಸಿಕ್ಕಿತು. ಹೋಟೆಲಿನ ವಿಳಾಸಕ್ಕೆ ಬಂದದ್ದನ್ನು ಮಾಲೀಕರು ಎರಡು ಸಲ ತಿರುಗಿಸಿ ನೋಡಿ ಕೊಟ್ಟರು. ಈ ಕಾಲದಲ್ಲಿ ಕಾಗದ ಯಾರಿಗೆ ಬರುತ್ತದೆ?

ದಫನಿನ ದಿನ ಅದನ್ನು ಕೊಟ್ಟದ್ದು ತಪ್ಪೇ. ಭಾಬಿಯ ಮಣ್ಣಿಗೆ ಬಂದವನು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ನನಗೂ ಐವತ್ತೇಳು ನಡೆಯುತ್ತಿದೆ. ಸಕ್ಕರೆ ಕಾಯಿಲೆ ಇದೆ. ನಾನು ಸತ್ತರೆ ಆ ಕ್ಯಾಸೆಟ್ಟನ್ನು ಯಾರೋ ಗುಜರಿಗೆ ಹಾಕುತ್ತಾರೆ. ಅದಕ್ಕೆ ಮೊದಲು ನೀನು ಒಮ್ಮೆ ಕೇಳಲಿ ಅನ್ನಿಸಿತು. ನಿನ್ನ ಕಿವಿ ಹೋಗಿರುವುದು ನನಗೆ ಗೊತ್ತಿರಲಿಲ್ಲ.

ಈಗ ನನ್ನ ಮಾತು ಕೇಳು. ಮಸ್ಕತ್‌ನ ಕೋಣೆಯಲ್ಲಿ ನಾವು ಆರು ಜನ ಇದ್ದೆವು. ಕೆಳಗಿನ ಅಂಗಡಿಯವನ ವಿಸಿಆರ್ ತಂದು ಹಾಕಿದೆವು. ಪರದೆಯ ಮೇಲೆ ಅವ್ವ ಕೂತಿದ್ದಳು. ಬಾಯಿ ಆಡುತ್ತಿತ್ತು, ದನಿ ಮಾತ್ರ ಭಾಬಿಯದು. "ಮುನಾಫ, ಅತ್ತಿ ದನಿ ಮಷಿನ್‌ನ್ಯಾಗ ಬರಾಕತ್ತಿಲ್ಲ. ಅವರು ಹೇಳೂದನ್ನ ನಾ ಹೇಳಾಕತ್ತೇನಿ. ಬರಬ್ಯಾಡ. ಅಲ್ಲೇ ಇರು. ಕೆಲಸ ಬಿಟ್ಟು ಬರಬ್ಯಾಡ" ಎಂದು. ಅವ್ವನ ಗಂಟಲು ಅಷ್ಟು ಕೆಟ್ಟಿದೆಯೆಂದು ನಾನು ಅತ್ತೆ. ಅವಳು ಬೇಡವೆಂದಳಲ್ಲ ಎಂದು ಉಳಿದೆ. ಆಮೇಲೆ ಊರಿಗೆ ಬಂದಾಗ, ಅವಳು ಕೊನೆತನಕ ಬಾಗಿಲು ನೋಡುತ್ತಿದ್ದಳೆಂದು ಕೇಳಿದ ಮೇಲೆಯೇ ನಿನ್ನ ಮೇಲೆ ಸಂಶಯ ಬಂದದ್ದು. ಆ ಕೋಣೆಯ ಆರೂ ಜನ ಅದನ್ನು ಕೇಳಿದ್ದಾರೆ.

ಸಮ್ರೀನ ನಿನ್ನ ಮಗಳು, ನಿನ್ನ ಮನೆಯಲ್ಲಿರುವವಳು. ನೀನು ಏನನ್ನು ಕೇಳಬೇಕೆಂದು ಇಪ್ಪತ್ತೈದು ವರ್ಷದಿಂದ ಕಾದಿದ್ದೀಯೋ ಅದನ್ನೇ ಬರೆದುಕೊಟ್ಟಿದ್ದಾಳೆ. ನಾನು ಅವಳನ್ನು ದೂರುವುದಿಲ್ಲ. ಕ್ಯಾಸೆಟ್ಟು ಕಳಿಸು. ಮಳೆಗಾಲ, ನಮ್ಮ ಹೋಟೆಲು ಅಕ್ಟೋಬರ್ ಮಧ್ಯದ ತನಕ ಮುಚ್ಚಿದೆ, ಸಮಯವಿದೆ. ಪಣಜಿಯಲ್ಲಿ ಹಳೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಒಬ್ಬರಿದ್ದಾರೆ. ಅಲ್ಲಿ ಹಾಕಿಸುತ್ತೇನೆ.

ನಿನ್ನ ತಮ್ಮ,
ಮುನಾಫ

*

ಸಾಂಖಳಿ
18 ಜೂನ್ 2025

ಮುನಾಫನಿಗೆ,

ಕ್ಯಾಸೆಟ್ಟು ಕಳಿಸುತ್ತಿದ್ದೇನೆ. ಸಮ್ರೀನ ಕೆಲಸಕ್ಕೆ ಪಣಜಿಗೆ ಹೋಗುವವಳು, ಬಸ್ ನಿಲ್ದಾಣದಲ್ಲಿ ನಿನಗೆ ಕೊಡುತ್ತಾಳೆ. ಅವಳು ನಡುವೆ ಬಿಚ್ಚಬಾರದೆಂದು ಕಾಗದ ಸುತ್ತಿ, ಅಂಟು ಹಚ್ಚಿ, ಅಂಟಿದ ಜಾಗದ ಮೇಲೆ ಸಹಿ ಮಾಡಿದ್ದೇನೆ. ಸಹಿ ಹರಿದಿದ್ದರೆ ತೆಗೆದುಕೊಳ್ಳಬೇಡ.

ಇನ್ನೊಂದು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ಒಂದು ಪ್ಲಾಸ್ಟಿಕ್ ಹಲ್ಲು ಇತ್ತು. ಅದನ್ನು ಮುರಿದಿದ್ದೇನೆ. ಹಲ್ಲು ಮುರಿದ ಕ್ಯಾಸೆಟ್ಟಿನ ಮೇಲೆ ಹೊಸದಾಗಿ ಏನೂ ತುಂಬಲಾಗುವುದಿಲ್ಲ. ಮುರಿದ ಜಾಗಕ್ಕೆ ಟೇಪು ಅಂಟಿಸಿ ಮೋಸ ಮಾಡಬಹುದು ಎಂಬುದೂ ನನಗೆ ಗೊತ್ತು. ಹಾಗಾಗಿ ಒಳಗೆ ಕೆಂಪು ಶಾಯಿಯ ಗುರುತು ಹಾಕಿದ್ದೇನೆ. ಅಂಟು ಹಚ್ಚಿದರೆ ಗುರುತು ಕೆಡುತ್ತದೆ.

ಕೇಳಿದ್ದನ್ನು ನೀನೊಬ್ಬನೇ ಬರೆದರೆ ನಾನು ನಂಬುವುದಿಲ್ಲ. ಅಂಗಡಿಯವರ ಕೈಯಿಂದ ಬರೆಸು. ಅವರ ಶಿಕ್ಕ ಹಾಕಿಸು, ಮೊಹರಿಲ್ಲದ ಕಾಗದ ನನಗೆ ಬೇಡ.

ರಾಜಮಹ್ಮದ

*

ಕಲಂಗುಟ್
2 ಜುಲೈ 2025

ಅಣ್ಣನಿಗೆ,

ಸಲಾಂ. ನಿನ್ನ ಸಹಿ ಹರಿಯದೆ ಬಂತು. ಸಮ್ರೀನ ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. "ಕಾಕಾ, ಅಪ್ಪಗ ನನ್ನ ಮ್ಯಾಲ ಡೌಟ್ ಬಂದೈತಿ" ಎಂದಷ್ಟೇ ಹೇಳಿ ಓಡಿದಳು.

ಅಂಗಡಿಯವರ ಹೆಸರು ಗುರುಲಿಂಗ. ಬಾದಾಮಿ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿ ಟಿವಿ ರಿಪೇರಿ ಮಾಡಿಕೊಂಡಿದ್ದಾರೆ. ಕ್ಯಾಸೆಟ್ಟು ತೆರೆದು ನೋಡಿ, "ಗೋವಾದ ಹವಾಕ್ಕ ಇಂಥಾವು ಬೂಸ್ಟ ಹಿಡೀತಾವ್ರಿ. ಇದನ್ನ ಯಾರೋ ಜ್ವಾಪಾನ ಮಾಡ್ಯಾರ" ಎಂದರು. ನಾನು ಅದನ್ನು ಅಕ್ಕಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಅವರ ಮಷಿನ್‌ಗೆ ಹಾಕಿದರು. ಅವ್ವ ಕಂಡಳು. ಹಸಿರು ಸೀರೆ, ಕೊರಳಿಗೆ ಸುತ್ತಿದ ಟವೆಲು. ದನಿ ಭಾಬಿಯದೇ. ಗುರುಲಿಂಗ ಅವರು ತಾವೇ ಕೇಳಿ ಬರೆದ ಕಾಗದ ಇದರ ಜೊತೆಗಿದೆ, ಅಂಗಡಿಯ ಶಿಕ್ಕವೂ ಇದೆ. ಓದು. "ಬರಬ್ಯಾಡ" ಎಂಬ ಮಾತು ಮೂರು ಸಲ ಬರುತ್ತದೆ. "ಬಾ" ಎಂಬುದು ಎಲ್ಲಿಯೂ ಇಲ್ಲ.

ಅವರಿಗೆ ನಾವು ಯಾರೆಂಬುದೇ ಗೊತ್ತಿಲ್ಲ. ನಮ್ಮ ಜಗಳದಲ್ಲಿ ಅವರಿಗೆ ಯಾವ ಲಾಭವೂ ಇಲ್ಲ. ಇನ್ನಾದರೂ ಒಪ್ಪಿಕೋ. ಅವ್ವನ ಮುಂದೆ ಕ್ಯಾಮೆರಾ ಹಿಡಿದು ನಿಂತವನು ನೀನೇ ಎಂದು ಬರೆದಿದ್ದೀ. ಹಾಗಾದರೆ ಅವಳ ದನಿ ಅಳಿಸಿದ್ದು ಯಾರು?

ಮುನಾಫ

*

ಸಾಂಖಳಿ
9 ಜುಲೈ 2025

ಮುನಾಫನಿಗೆ,

ಅಂಗಡಿಯವರ ಕಾಗದ ಓದಿದೆ. 

ಕ್ಯಾಮೆರಾದ ಮುಂದೆ ಅವ್ವ "ಬಾ" ಎಂದದ್ದನ್ನು ಕೇಳಿದವನು ನಾನು. ಅದು ಕನಸಲ್ಲ. ಆದರೆ ಮೊನ್ನೆ ಸಮ್ರೀನ ಬರೆದುಕೊಟ್ಟದ್ದು ಅವಳು ಕೇಳಿದ್ದೋ, ನನ್ನ ಬಾಯಿಂದ ಚಿಕ್ಕಂದಿನಿಂದ ಕೇಳಿ ಕಲಿತದ್ದೋ? ಈಗ ನನಗೆ ತಿಳಿಯುತ್ತಿಲ್ಲ. ಅವ್ವನ ಮಾತನ್ನು ನಾನು ಈ ಮನೆಯಲ್ಲಿ ಸಾವಿರ ಸಲ ಹೇಳಿರಬಹುದು.

ನೀನು ಬರೆದದ್ದರಿಂದ ಒಂದು ಕೆಟ್ಟದ್ದಾಗಿದೆ. ಮಗಳು ನನಗೆ ಬರೆದು ತೋರಿಸುವುದೆಲ್ಲ ಖರೆಯೋ ಅಲ್ಲವೋ ಎಂದು ನೋಡುತ್ತ ಕೂತಿದ್ದೇನೆ. ಡಾಕ್ಟರು ಎರಡು ನಿಮಿಷ ಮಾತಾಡಿದರೆ ಅವಳು ಒಂದೇ ಸಾಲು ಬರೆಯುತ್ತಾಳೆ. ಫೋನಿನಲ್ಲಿ ನಕ್ಕರೆ ಯಾರೆಂದು ಕೇಳುತ್ತೇನೆ. "ಗೆಳತಿ" ಎಂದು ಬರೆಯುತ್ತಾಳೆ. ನಿನ್ನೆ ಪಕ್ಕದ ಮನೆಯ ದುರ್ಗಾಬಾಯಿಯನ್ನು ಕರೆದು, ಮಗಳು ಬರೆದದ್ದು ಸರಿಯೇ ಎಂದು ಅವಳ ಮುಂದೆಯೇ ಕೇಳಿದೆ. ದುರ್ಗಾಬಾಯಿ ತಲೆ ತಗ್ಗಿಸಿ ಹೋದಳು.

ಕಿವಿ ಇದ್ದವರಿಗೆ ಇದು ಗೊತ್ತಾಗುವುದಿಲ್ಲ. ಜಗತ್ತಿನ ಮಾತೆಲ್ಲ ಒಬ್ಬರ ಕೈಬರಹದಲ್ಲಿ ಬರುತ್ತದೆ. ಆ ಕೈ ಸುಳ್ಳಾದರೆ ನಾನು ಎಲ್ಲಿ ನಿಲ್ಲಲಿ?

ರಾಜಮಹ್ಮದ

*

ಪಣಜಿ
19 ಜುಲೈ 2025

ಕಾಕಾ ಅವರಿಗೆ ಸಮ್ರೀನ ಮಾಡುವ ಸಲಾಂ.

ಔಷಧದ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೆಸೇಜ್ ಮಾಡಬಹುದಿತ್ತು. ಅಪ್ಪ ನನ್ನ ಮೊಬೈಲ್ ತೆಗೆದು ನೋಡುತ್ತಾರೆ.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮೊದಲೆಲ್ಲ ಸಂಜೆ ಬಂದರೆ ಬಸ್ಸಿನಲ್ಲಿ ಏನಾಯಿತು, ಯಾರು ಜಗಳಾಡಿದರು ಎಂದು ಬರೆದು ತೋರಿಸುತ್ತಿದ್ದೆ, ಅಪ್ಪ ನಗುತ್ತಿದ್ದರು. ಈಗ ನನ್ನ ಚೀಟಿಗಳನ್ನೆಲ್ಲ ತಾರೀಖು ಹಾಕಿ ಡಬ್ಬಿಯಲ್ಲಿ ಇಡುತ್ತಾರೆ. ಮೊನ್ನೆ ಹಳೆಯದೊಂದನ್ನು ತೆಗೆದು, "ಅವತ್ತ ಹಿಂಗ ಬರದಿ, ಇವತ್ತ ಹಾಂಗ ಬರದಿ" ಎಂದರು. ನಾನು ಉತ್ತರ ಬರೆಯಲಿಲ್ಲ. ಬರೆದರೆ ಅದನ್ನೂ ಡಬ್ಬಿಯಲ್ಲಿ ಇಡುತ್ತಾರೆ.

ಕಾಕಾ, ನಾನು ಸುಳ್ಳು ಬರೆದಿಲ್ಲ. ಅಜ್ಜಿಯ ದನಿ ನನಗೆ ನೆನಪಿಲ್ಲ, ಅವರು ಹೋದಾಗ ನಾನು ಎರಡು ವರ್ಷದವಳು. ಆದರೆ ಆ ದನಿ ಅಮ್ಮನದಲ್ಲ ಎಂಬುದು ಗೊತ್ತು. ನನ್ನ ಅಮ್ಮನ ದನಿ ನನಗೆ ತಿಳಿಯದೆ? ಒಬ್ಬ ಮುದುಕಿ, ಒಡೆದ ಗಂಟಲಿನಲ್ಲಿ, ಬಾ ಎಂದರು. ಕುರ್ಚಿಯಲ್ಲಿದ್ದವರ ತುಟಿಯೂ ಹಾಗೆಯೇ ಆಡಿತು. ಅಂಗಡಿಯವರು ಬರೆದದ್ದು ಹೇಗೆ ಬಂತೋ ನನಗೆ ಅರ್ಥವಾಗುತ್ತಿಲ್ಲ. ನೀವು ಅವರಿಗೆ ಏನಾದರೂ ಹೇಳಿ ಬರೆಸಿದಿರಾ? ಕೇಳಲು ನಾಚಿಕೆಯಾಗುತ್ತದೆ, ಆದರೆ ಕೇಳದೆ ಇರಲಾರೆ.

ಒಂದು ಉಪಾಯ ಹೊಳೆದಿದೆ. ನಮ್ಮ ಮನೆಯ ಮಷಿನ್ ಅನ್ನೇ ಆ ಅಂಗಡಿಗೆ ತರುತ್ತೇನೆ. ಅಪ್ಪನೂ ಬರುತ್ತಾರೆ, ನಾನು ಹೇಗಾದರೂ ಒಪ್ಪಿಸುತ್ತೇನೆ. ಎಲ್ಲರ ಮುಂದೆ ಹಾಕಿ ನೋಡೋಣ. ಕ್ಯಾಸೆಟ್ಟು ನೀವು ತನ್ನಿ. ಮುಂದಿನ ತಿಂಗಳ ಎರಡನೇ ತಾರೀಖು, ಶನಿವಾರ, ನನಗೆ ಅರ್ಧ ದಿನ ರಜೆ.

ನಿಮ್ಮ ಮಗಳ ಸಮಾನಳಾದ
ಸಮ್ರೀನ

*

ಕಲಂಗುಟ್
5 ಆಗಸ್ಟ್ 2025

ಅಣ್ಣನಿಗೆ,

ಸಲಾಂ. ಶನಿವಾರ ನೀನು ಬಸ್ ಹತ್ತಿ, ಮತ್ತೆ ಇಳಿದು ಮನೆಗೆ ಹೋದೆಯೆಂದು ಸಮ್ರೀನ ಹೇಳಿದಳು. ಪಾಪ, ಆ ಭಾರದ ಮಷಿನ್ ಅನ್ನು ತೊಡೆಯ ಮೇಲೆ ಇಟ್ಟುಕೊಂಡು ಒಬ್ಬಳೇ ಬಂದಳು. ಅಂಗಡಿಯಲ್ಲಿ ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ಕೆಳಗೆ ಸಮ್ರೀನ ಮತ್ತು ಗುರುಲಿಂಗ ಅವರ ಸಹಿಯೂ ಇದೆ.

ನಿಮ್ಮ ಮನೆಯ ಮಷಿನ್‌ಗೆ ಹಾಕಿದಾಗ ಅವ್ವನ ದನಿ ಬಂತು, "ಮುನಾಫ, ನನಗ ಆಗೂದಿಲ್ಲಪಾ, ಬಾ." ಇಪ್ಪತ್ತಾರು ವರ್ಷದ ಮೇಲೆ ನನ್ನ ಹೆಸರು ಅವ್ವನ ಬಾಯಲ್ಲಿ ಕೇಳಿದೆ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಅದೇ ಕ್ಯಾಸೆಟ್ಟನ್ನು ತೆಗೆದು ಅಂಗಡಿಯ ಮಷಿನ್‌ಗೆ ಹಾಕಿದರೆ ಭಾಬಿಯ ದನಿ, "ಬರಬ್ಯಾಡ." ಮತ್ತೆ ನಿಮ್ಮದಕ್ಕೆ ಹಾಕಿದರೆ ಅವ್ವ. ಸಮ್ರೀನ ನನ್ನ ತೋಳು ಹಿಡಿದುಕೊಂಡಳು.

ಗುರುಲಿಂಗ ಅವರು ನಕ್ಕರು. ನಿಮ್ಮ ಮಷಿನ್‌ನ ಮುಂದಿನ ಚಿಕ್ಕ ಮುಚ್ಚಳ ತೆಗೆದು ಒಳಗಿನ ಗುಂಡಿಗಳನ್ನು ತೋರಿಸಿದರು. "ನಿಮ್ಮ ಮನ್ಯಾಗ ಯಾರೂ ಸುಳ್ಳ ಹೇಳಿಲ್ರಿ. ಈ ಟೇಪಿನ್ಯಾಗ ಎರಡ ದನಿ ಅದಾವು. ಒಂದು ಟೇಪಿನ ಅಂಚಿಗೆ ಗೆರಿಯಾಂಗ ಇರತೈತಿ. ಇನ್ನೊಂದು ಚಿತ್ರದ ಕೆಳಗ ಅಡಗಿರತೈತಿ. ಸಾದಾ ಮಷಿನ್ ಅಂಚಿಂದಷ್ಟ ಓದತೈತಿ. ನಿಮ್ಮಂಥಾ ಭಾರಿ ಮಷಿನ್ ಅಡಗಿದ್ದನ್ನ ಓದತೈತಿ" ಎಂದರು. ಆಮೇಲೆ ಒಂದು ಗುಂಡಿಯ ಮೇಲೆ ಬೆರಳಿಟ್ಟರು. ಅದು ಡಬ್ಬಿಂಗ್ ಗುಂಡಿಯಂತೆ. ಅದನ್ನು ಒತ್ತಿ ಮೈಕಿನಲ್ಲಿ ಮಾತಾಡಿದರೆ ಚಿತ್ರ ಹಾಗೇ ಉಳಿದು, ಅಂಚಿನ ದನಿಯೊಂದೇ ಬದಲಾಗುತ್ತದೆ. ಅಡಗಿದ ದನಿಯನ್ನು ಅದು ಮುಟ್ಟುವುದಿಲ್ಲ. ಪಕ್ಕದ ಇನ್ನೊಂದು ಗುಂಡಿ ತಿರುಗಿಸಿದರು. ನಿಮ್ಮ ಮಷಿನ್‌ನಲ್ಲೇ ಅವ್ವನ ದನಿ ಹೋಗಿ ಭಾಬಿಯ ದನಿ ಬಂತು.

ಅಣ್ಣ, ನೀನು ಸುಳ್ಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ನೀನು ರೆಕಾರ್ಡ್ ಮಾಡಿದ ಮೇಲೆ, ಅಂಚೆಗೆ ಹಾಕುವ ಮುಂಚೆ, ಯಾರೋ ಆ ಗುಂಡಿ ಒತ್ತಿದ್ದಾರೆ. ನೀನು ಕಳಿಸುವ ಮುನ್ನ ಕೇಳಿದ್ದು ಅಡಗಿದ ದನಿ. ಮಸ್ಕತ್‌ನಲ್ಲಿ ನಾನು ಕೇಳಿದ್ದು ಅಂಚಿನದು. ಒತ್ತಿದವರು ಯಾರೆಂದು ನಾನು ಬರೆಯಬೇಕಾಗಿಲ್ಲ. ದನಿ ಅವರದೇ ಇದೆ.

ಮಗಳನ್ನು ಹತ್ತಿರ ಕೂರಿಸಿಕೋ. 

ಮುನಾಫ

*

ಸಾಂಖಳಿ
14 ಆಗಸ್ಟ್ 2025

ಮುನಾಫನಿಗೆ,

ಸಮ್ರೀನಳ ಮುಂದೆ ಕೈ ಮುಗಿದೆ. ಅವಳು ಕೈ ಬಿಡಿಸಿ ಒಳಗೆ ಹೋದಳು. ಚೀಟಿಗಳ ಡಬ್ಬಿಯನ್ನು ಒಲೆಗೆ ಹಾಕಿದೆ. ಅದೊಂದು ಆಯಿತು.

ಖಾತುನಬಿಗೆ ಆ ಮಷಿನ್ ನಡೆಸಲು ಬರುತ್ತಿತ್ತು. ನನಗಿಂತ ಚೆನ್ನಾಗಿ ಬರುತ್ತಿತ್ತು. ನೀನು ಅದನ್ನು ಕಳಿಸಿದಾಗ ಜೊತೆಗೆ ಬಂದ ಪುಸ್ತಕವನ್ನು ಅವಳು ಚಿತ್ರ ನೋಡಿಯೇ ಕಲಿತಳು. ಸಮ್ರೀನಳ ಮೊದಲ ಹುಟ್ಟುಹಬ್ಬದ ಕ್ಯಾಸೆಟ್ಟಿನಲ್ಲಿ ಬರೀ ಗದ್ದಲವಿದೆಯೆಂದು, ಮೈಕು ಹಿಡಿದು "ಇದು ನಮ್ಮ ಸಮ್ರೀನ, ಇವರು ಅವಳ ಅಜ್ಜಿ" ಎಂದು ತಾನೇ ಮಾತು ತುಂಬಿದ್ದಳು. ನಾನು ಜಾಣೆ ಎಂದು ಮೆಚ್ಚಿದ್ದೆ. ಆ ಜಾಣತನ ಎಲ್ಲಿಗೆ ಹೋಗಿ ಮುಟ್ಟಿತು ನೋಡು.

ಈಗ ಒಂದೊಂದೇ ನೆನಪಾಗುತ್ತಿದೆ. ಪ್ರತಿ ಬಕ್ರೀದಿಗೆ ನಾನು ನಿನ್ನನ್ನು ಬೈಯಲು ಶುರುಮಾಡಿದರೆ ಅವಳು ತಟ್ಟೆ ಬಿಟ್ಟು ಏಳುತ್ತಿದ್ದಳು. ನಿನ್ನ ಹೆಸರು ಕೇಳಿದರೆ ಅವಳಿಗೂ ಸಿಟ್ಟು ಎಂದುಕೊಂಡಿದ್ದೆ. ನೀನು ಅಂಗಳದಲ್ಲಿ ನಿಂತು ಕೂಗಾಡಿದ ದಿನ ಅವಳು ಬಾಗಿಲ ಹಿಂದೆ ಇದ್ದಳು. ಹೊರಗೆ ಬರಲಿಲ್ಲ. ಎಲ್ಲ ಗೊತ್ತಿದ್ದವಳು ಇಪ್ಪತ್ತಾರು ವರ್ಷ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬಡಿದಳು. ನಾನು ಶುಕ್ರವಾರ ಕಬರಸ್ತಾನಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ.

ಆದರೆ ಯಾಕೆ? ನೀನು ಬಂದರೆ ಅವಳಿಗೇನು ಕಷ್ಟವಿತ್ತು? ಹಗಲೆಲ್ಲ ಇದನ್ನೇ ಯೋಚಿಸಿ ಒಂದು ಮಾತಿಗೆ ಬಂದು ನಿಂತಿದ್ದೇನೆ. ಕೇಳಬಾರದ್ದು, ಕೇಳುತ್ತೇನೆ. ನೀನು ಮಸ್ಕತ್‌ಗೆ ಹೋಗುವ ಮುಂಚೆ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದಿ. ನಾನು ಗಣಿಯಲ್ಲಿರುತ್ತಿದ್ದೆ. ನಿಮ್ಮಿಬ್ಬರ ನಡುವೆ ಏನಿತ್ತು? ನಿನ್ನ ಮುಖ ನೋಡಲು ಅವಳು ಹೆದರುವಂಥದ್ದು ಏನಾಗಿತ್ತು?

ಖರೆ ಬರೆ. ಅವಳು ಸತ್ತಿದ್ದಾಳೆ, ನಾನೂ ಹೆಚ್ಚು ದಿನ ಇರುವವನಲ್ಲ.

ರಾಜಮಹ್ಮದ

*

ಕಲಂಗುಟ್
22 ಸೆಪ್ಟೆಂಬರ್ 2025

ಅಣ್ಣನಿಗೆ,

ನಿನ್ನ ಕಾಗದಕ್ಕೆ ಎರಡು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಸಾಯಿ ಎಂದಿದ್ದೆ. ಭಾಬಿ ನನ್ನ ತಟ್ಟೆಗೆ ಅನ್ನ ಹಾಕುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದವರು. ನಾನು ಅವರ ಮುಂದೆ ಬೀಡಿ ಸೇದಿದವನಲ್ಲ. ನಮ್ಮ ನಡುವೆ ಇದ್ದದ್ದು ಅಷ್ಟೇ. ಇದಕ್ಕಿಂತ ಹೆಚ್ಚು ಬರೆದರೆ ಆ ಹೆಣ್ಣುಮಗಳಿಗೆ ಅವಮಾನ.

ಸಿಟ್ಟಿನಲ್ಲೇ ಮತ್ತೆ ಗುರುಲಿಂಗ ಅವರಲ್ಲಿಗೆ ಹೋದೆ. ಭಾಬಿ ಯಾಕೆ ಹಾಗೆ ಮಾಡಿದರೆಂದು ನನಗೂ ಬೇಕಿತ್ತು. ಸಮ್ರೀನ ಅಲ್ಲೇ ಬಿಟ್ಟು ಹೋಗಿದ್ದ ನಿಮ್ಮ ಮಷಿನ್‌ಗೆ ಹಾಕಿ, ಕ್ಯಾಸೆಟ್ಟನ್ನು ಕೊನೆಯವರೆಗೆ ಬಿಡಿ ಎಂದೆ. ಇಷ್ಟು ವರ್ಷ ನಾವು ಯಾರೂ ಕೊನೆಯವರೆಗೆ ನೋಡಿಲ್ಲ. ಮಾತು ಮುಗಿದ ಕೂಡಲೇ ಎಲ್ಲರೂ ನಿಲ್ಲಿಸಿದ್ದೇವೆ. ಆದರೆ ನೀನು ಅವ್ವನನ್ನು ಎಬ್ಬಿಸಿಕೊಂಡು ಒಳಗೆ ಹೋಗುವಾಗ ಕ್ಯಾಮೆರಾ ಆರಿಸಿಲ್ಲ. ಖಾಲಿ ಕುರ್ಚಿ ಆರೇಳು ನಿಮಿಷ ಕಾಣುತ್ತದೆ. ಅಡಗಿದ ದನಿಯಲ್ಲಿ ಆ ಹೊತ್ತು ಬರೀ ಪಾತ್ರೆಗಳ ಸದ್ದು. ಅಂಚಿನ ದನಿಯಲ್ಲಿ, ಸ್ವಲ್ಪ ಹೊತ್ತು ಬಿಟ್ಟು, ಮಾತಿದೆ. ಭಾಬಿ ತಮ್ಮ ಮಾತು ಮುಗಿಸಿದ ಮೇಲೆ ಗುಂಡಿ ಬಂದ್ ಮಾಡಿಲ್ಲ. ಮೈಕು ಹಾಗೇ ಕೇಳಿಸಿಕೊಂಡಿದೆ.

ಅವರ ಪಕ್ಕದಲ್ಲಿ ಅವ್ವ ಕೂತಿದ್ದಾಳೆ, ಅಣ್ಣ.

ಮೂವತ್ತು ಸಲ ಹಿಂದಕ್ಕೆ ತಿರುಗಿಸಿ, ಗುರುಲಿಂಗ ಅವರು ಒಂದು ಕಿವಿಗೆ, ನಾನು ಒಂದು ಕಿವಿಗೆ ಹಚ್ಚಿಕೊಂಡು ಬರೆದದ್ದು ಇದು.

ಅವ್ವ: "ಬರಬ್ಯಾಡ ಅಂದಿಯಿಲ್ಲೋ?"

ಭಾಬಿ: "ಅಂದೇನ್ರಿ ಅತ್ತಿ. ಆದ್ರ ನಿನ್ನೆ ಇವರ ಮುಂದ ನೀವ ಬಾ ಅಂದ್ರಿ."

ಅವ್ವ: "ಅವನ ಮುಂದ ಮತ್ತೇನ್ ಅನ್ಲಿ? ಅಷ್ಟ ಆಸೆ ಮಾಡಿ ಕ್ಯಾಮೆರಾ ತಂದಿದ್ದ. ಮುನಾಫ ಬಂದ್ರ ತಿರುಗಿ ಹೋಗಾಂವಲ್ಲ. ಅಣ್ಣನ ಬೆನ್ನ ಹತ್ತಿ ಗಣಿಗೆ ನಡೀತಾನ. ದೊಡ್ಡಾಂವ ಆ ಧೂಳಾಗ ಜೀವ ತೇಯಾಕತ್ತಾನ. ನಾ ಕರದ್ರ ಒಮ್ಮೊಮ್ಮಿ ಅಂವಗ ಕೇಳೂದಿಲ್ಲ, ನೀ ನೋಡಿಯಿಲ್ಲೋ? ಒಬ್ಬಂವ ಸಾಕು. ಇಬ್ಬರನ್ನೂ ಅದಕ್ಕ ಕೊಡಾಕ ನನ್ನ ಕೈಲೆ ಆಗೂದಿಲ್ಲ."

ಇಲ್ಲಿ ಬಹಳ ಹೊತ್ತು ಕೆಮ್ಮು.

ಭಾಬಿ: "ಇವರಿಗೆ ಗೊತ್ತಾದ್ರ?"

ಅವ್ವ: "ಗೊತ್ತಾಗಬಾರ್ದು. ಒಬ್ಬಂವ ಸಾಕು ಅಂತ ಅವ್ವ ಅಂದ್ಲು ಅನ್ನೂದು ಅಂವಗ ತಿಳೀಬಾರ್ದು. ಜೀವ ಇರೂತನ ಹೇಳಬ್ಯಾಡ. ಕೂಸಿನ ತಲಿ ಮ್ಯಾಲ ಕೈ ಇಡು."

ಭಾಬಿ: "ಹೇಳೂದಿಲ್ಲ ಅತ್ತಿ."

ಒಂದು ಕೂಸು ಏನೋ ತೊದಲುತ್ತದೆ. ಆಮೇಲೆ ಟಕ್ ಎಂದು ಮುಗಿಯುತ್ತದೆ.

ಇದನ್ನು ಬರೆದುಕೊಂಡು ಬಂದು ಹದಿನೈದು ದಿನವಾಯಿತು. ನಿನಗೆ ತಿಳಿಯಬಾರದೆಂದು ಅವ್ವ ಹೇಳಿದ್ದಾಳೆ. ಭಾಬಿ ಆ ಮಾತು ಉಳಿಸಿಕೊಂಡು ಹೋದರು. ಅವರು ಉಳಿಸಿದ್ದನ್ನು ನಾನು ಮುರಿಯುತ್ತಿದ್ದೇನೆ. ಮುರಿಯದಿದ್ದರೆ ನೀನು ಅವರ ಮೇಲೆ ಆ ಸಂಶಯ ಇಟ್ಟುಕೊಂಡೇ ಸಾಯುತ್ತೀ. ಎರಡರಲ್ಲಿ ಯಾವುದು ದೊಡ್ಡ ಪಾಪ ಎಂದು ತೂಗಿ ತೂಗಿ ಸಾಕಾಗಿದೆ.

ನಾನು ಗಣಿಗೆ ಹೋಗಲಿಲ್ಲ. ನನ್ನ ಕಿವಿ ಚೆನ್ನಾಗಿ ಕೇಳುತ್ತದೆ. ಆ ಕಿವಿಯಿಂದಲೇ ಇದನ್ನು ಕೇಳಿ ನಿನಗೆ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ಮುನಾಫ

*

ಸಾಂಖಳಿ
5 ಅಕ್ಟೋಬರ್ 2025

ತಮ್ಮ ಮುನಾಫನಿಗೆ,

ಸಲಾಂ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೊದಲ ಸಲ ಓದಿದಾಗ ನಂಬಲಿಲ್ಲ. ನೀನೂ ಆ ಅಂಗಡಿಯವರೂ ಸೇರಿ ಕಟ್ಟಿದ್ದು ಎಂದುಕೊಂಡೆ. ಕಾಗದವನ್ನು ಸಮ್ರೀನಳಿಗೆ ಕೊಟ್ಟೆ. ಅವಳು ಓದಿ ಬಹಳ ಹೊತ್ತು ತನ್ನ ನೆತ್ತಿ ಮುಟ್ಟಿಕೊಂಡು ಕೂತಿದ್ದಳು. ಆಮೇಲೆ, "ನಾಳೆ ನಾನೇ ಹೋಗಿ ಕೇಳಿ ಬರಲಾ?" ಎಂದು ಬರೆದು ತೋರಿಸಿದಳು.

ಬೇಡವೆಂದೆ. ಯಾಕೆಂದು ನಿನಗೆ ಹೇಳಬೇಕು.

ಸುಳ್ಳು ಬರೆಯುವವನು ನನಗೆ ಹಿತವಾಗುವುದನ್ನು ಬರೆಯುತ್ತಿದ್ದ. ಇಲ್ಲವೇ ತನಗೆ ಹಿತವಾಗುವುದನ್ನು. "ಒಬ್ಬಂವ ಸಾಕು" ಎಂಬ ಮಾತನ್ನು ಯಾವ ಸುಳ್ಳುಗಾರನೂ ಕಟ್ಟಲಾರ. ಅದನ್ನು ಬರೆಯುವಾಗ ನಿನ್ನ ಅಕ್ಷರ ಒತ್ತಿ ಕಾಗದದ ಹಿಂಬದಿಗೆ ಮೂಡಿದೆ. ಬೆರಳಿನಿಂದ ಸವರಿ ನೋಡಿದೆ. ಹಾಗಾಗಿ ಯಾರನ್ನೂ ಕಳಿಸುವುದಿಲ್ಲ. ಶಿಕ್ಕವೂ ಬೇಡ.

ಆ ಒಬ್ಬ ನಾನು. ಅದನ್ನು ನುಂಗಲು ಎಂಟು ದಿನ ಬೇಕಾಯಿತು, ಇನ್ನೂ ಪೂರ್ತಿ ಇಳಿದಿಲ್ಲ. ಅವ್ವ ಇಬ್ಬರಲ್ಲಿ ಒಬ್ಬನನ್ನು ಉಳಿಸಿಕೊಂಡಳು. ಉಳಿದದ್ದು ನೀನು ಎಂದು ಒಂದು ದಿನ ಹೊಟ್ಟೆ ಉರಿಯಿತು. ಅರವತ್ತಾರು ವರ್ಷದ ಮುದುಕನಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು! ಮರುದಿನ ಬೇರೆ ವಿಚಾರ ಬಂತು. ನಾನು ಆಗಲೇ ಹೋದವನಾಗಿದ್ದೆ. ಮನೆ, ಹೆಂಡತಿ, ಕೂಸು ಎಲ್ಲ ಆ ಗಣಿಯ ಮೇಲೆ ನಿಂತಿದ್ದವು. ಬಿಡಿಸಲು ಅವಳಿಂದ ಆಗುತ್ತಿರಲಿಲ್ಲ. ಆಗುವುದನ್ನು ಮಾಡಿದಳು. ನನ್ನ ಕಿವಿ ಹೋಗುತ್ತಿರುವುದು ನನಗಿಂತ ಮೊದಲು ಅವಳಿಗೆ ತಿಳಿದಿತ್ತು ಎಂಬುದೊಂದನ್ನು ಮಾತ್ರ ಹಿಡಿದುಕೊಂಡು ಕೂತಿದ್ದೇನೆ.

ಖಾತುನಬಿಯ ವಿಷಯ ಹೇಗೆ ಬರೆಯಲಿ? ನನ್ನ ಬೈಗುಳ ಕೇಳಲಾಗದೆ ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ಹೇಳಿದರೆ ನನಗೆ ನೋವು, ಹೇಳದಿದ್ದರೆ ನಿನಗೆ ಅನ್ಯಾಯ. ಮಗಳ ತಲೆಯ ಮೇಲೆ ಕೈ ಇಟ್ಟಿದ್ದಳು. ಒಮ್ಮೆ, ನನ್ನ ಕಿವಿ ಪೂರ್ತಿ ಹೋದ ವರ್ಷ, ಅವಳು ನನ್ನ ಎದುರು ಕೂತು ಏನೋ ಬಹಳ ಹೊತ್ತು ಮಾತಾಡಿದಳು. ಅವಳಿಗೆ ಬರೆಯಲು ಅಷ್ಟಾಗಿ ಬರುತ್ತಿರಲಿಲ್ಲ. ನನಗೆ ಅರ್ಥವಾಗಲಿಲ್ಲ. "ಏನ ಅಂದಿ?" ಎಂದೆ. ತಲೆಯಾಡಿಸಿ, ನಕ್ಕು, ಚಹಾ ಮಾಡಲು ಎದ್ದಳು. ಅವತ್ತು ಏನು ಹೇಳಿದಳೋ. ಅದು ಯಾವ ಟೇಪಿನ ಮೇಲೂ ಇಲ್ಲ.

ಅವಳ ಬಗ್ಗೆ ನಿನ್ನನ್ನು ಕೇಳಿದ ಮಾತಿಗೆ ಮಾಫಿ ಕೇಳುತ್ತೇನೆ. ನಿನ್ನ ಹತ್ತಿರ ಕಾಗದದಲ್ಲಿ. ಅವಳ ಹತ್ತಿರ ಮೊನ್ನೆ ಶುಕ್ರವಾರ ಹೋಗಿ ಕೇಳಿ ಬಂದೆ. ಮಳೆಗೆ ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ಕೂತು ಕಿತ್ತೆ. ಅರ್ಧವಾಗಿದೆ, ಸೊಂಟ ಹಿಡಿಯಿತು.

ನಿಮ್ಮ ಹೋಟೆಲು ತೆರೆಯುವ ಹೊತ್ತು ಬಂದಿರಬೇಕು. ತೆರೆದರೆ ನಿನಗೆ ಬಿಡುವಿರುವುದಿಲ್ಲ. ಅದಕ್ಕೆ ಮೊದಲು ಒಂದು ಶುಕ್ರವಾರ ಬಾ. ಉಳಿದ ಹುಲ್ಲು ಇಬ್ಬರೂ ಕೂಡಿ ಕೀಳೋಣ. ಸಾಂಖಳಿ ನಿಲ್ದಾಣದಲ್ಲಿ ಸಮ್ರೀನ ನಿಂತಿರುತ್ತಾಳೆ. ನಿನ್ನ ಪಥ್ಯ ಏನೆಂದು ಅವಳಿಗೆ ಮೊದಲೇ ತಿಳಿಸು.

ಒಂದು ಮಾತು. ನನ್ನ ಎದುರು ಕೂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ನನಗೆ ಅರ್ಧ ತಿಳಿಯುತ್ತದೆ. ದಫನಿನ ದಿನ ನೋಡಿದೆ, ನಿನ್ನ ಮೀಸೆ ಬಾಯಿಯ ಮೇಲೆ ಇಳಿದಿದೆ. ಕತ್ತರಿಸಿಕೊಂಡು ಬಾ.

ನಿನ್ನ ಅಣ್ಣ,
ರಾಜಮಹ್ಮದ